ಹತ್ತಿರದ ಸಂಬಂಧವನ್ನು ಒತ್ತಿ

ಅಕ್ಟೋಬರ್ ೧೪, ಮಂಗಳವಾರ. ಬೆಳ್ತಂಗಡಿ

ಐದು ತಿಂಗಳಿಂದ ಈ ಪುಸ್ತಕ ಮುಟ್ಟಿರಲಿಲ್ಲ. ಇವತ್ತು ಬರೆಯದಿದ್ದರೆ ತುತ್ತು ಇಳಿಯುವುದಿಲ್ಲ ಎಂದು ಕೂತಿದ್ದೇನೆ. ಬೆಳಗ್ಗಿನಿಂದ ಎರಡು ಸಲ ಅನ್ನದ ಮುಂದೆ ಕೂತು ಎದ್ದಾಯಿತು.

ತುಕ್ರಪ್ಪನ ಹೆಣ ನೋಡಿದೆ. ಕುತ್ತಿಗೆಗೆ ಬಿದ್ದ ಏಟು ಒಂದೇ, ಅದರಲ್ಲೇ ಮುಗಿದಿತ್ತು. ಆಮೇಲಿನವು ಸಿಟ್ಟಿನವು. ಎಡಗೈ ಬರೀ ಚರ್ಮದಲ್ಲಿ ನೇತಾಡುತ್ತಿತ್ತು. ಇನ್ಸ್‌ಪೆಕ್ಟರ್ ದೊಡ್ಡ ಉಪಕಾರ ಮಾಡುವವನ ಹಾಗೆ ಪ್ಲಾಸ್ಟಿಕ್ ಚೀಲ ಬಿಡಿಸಿ ಕತ್ತಿ ತೋರಿಸಿದ. ಕಾಡು ಸವರುವ ಕತ್ತಿ. ಅಲಗಿನಲ್ಲಿ ನಾಲ್ಕು ಬಿಳಿಗೂದಲು ಅಂಟಿಕೊಂಡಿದ್ದವು. ನಾನು ಜೀಪಿನ ಹಿಂದೆ ಹೋಗಿ ವಾಂತಿ ಮಾಡಿದೆ. ವಿಧಾನ ಪರಿಷತ್ತಿನ ಸದಸ್ಯೆ, ಎರಡು ಅವಧಿಯವಳು, ಪೊಲೀಸರ ಎದುರು ವಾಂತಿ! ನಾಚಿಕೆಯಾಗಲಿಲ್ಲ. ಆ ಕತ್ತಿ ನೋಡಿ ಹೊಟ್ಟೆ ತೊಳಸದವರು ಮನುಷ್ಯರೇ ಅಲ್ಲ.

ಕೊಂದವನು ದೂಮಣ್ಣ, ತುಕ್ರಪ್ಪನ ಸೋದರಮಾವನ ಮಗ. ತುಕ್ರಪ್ಪನ ಹೆಂಡತಿ ಸೇಸಮ್ಮ ಆಸ್ಪತ್ರೆಯಲ್ಲಿದ್ದಾಳೆ. ಗಂಡನ ಮೇಲೆ ಬೀಳುವ ಕತ್ತಿಯನ್ನು ಬರಿಗೈಯಲ್ಲಿ ಹಿಡಿದಳಂತೆ, ಎರಡೂ ಕೈಯ ಬೆರಳು ಹೋಗಿವೆ. ಅವಳು ಅಳಲಿಲ್ಲ. "ದೂಮಣ್ಣನ ಮೊಬೈಲಿಗೆ ಮೆಸೇಜ್ ಬಂತು ಪ್ರೇಮಕ್ಕ, ಅಷ್ಟೇ" ಎಂದಳು. "ಮೊನ್ನೆ ಆದಿತ್ಯವಾರ ಅವ ನಮ್ಮಲ್ಲೇ ಉಂಡು ಹೋಗಿದ್ದಾನೆ. ಮೆಸೇಜ್ ಬಂದ ಮರುದಿನ ಬೇಲಿ ಕಂಬ ಹಿಡ್ಕೊಂಡು ಬಂದ. ಅಪ್ಪನ ಜಾಗದಲ್ಲಿ ನಂಗೆ ಅರ್ಧ ಉಂಟಂತೆ, ಸರ್ಕಾರವೇ ಹೇಳಿದೆ ಅಂತ. ಇವರು ಕಂಬ ಕಿತ್ತು ಬಿಸಾಡಿದ್ರು."

ಸರ್ಕಾರದ ಕಂಪ್ಯೂಟರ್ ಯೋಜನೆಗಳನ್ನು ಪರಿಶೀಲಿಸುವ ಸದನ ಸಮಿತಿಯಲ್ಲಿ ನಾನಿದ್ದೇನೆ. ಇಷ್ಟು ದಿನ ಗೋಡಂಬಿ ತಿಂದು ಸಹಿ ಹಾಕಿದ ಸಮಿತಿ ಅದು. ಆ ಮೆಸೇಜ್ ಕಳಿಸಿದ, ಜಾಗದ ವಾರಸುದಾರರನ್ನು ಕಂಪ್ಯೂಟರಿಗೆ ಏರಿಸುವ ‘ಭೂಬಂಧ’ ಯೋಜನೆಯೂ ನಾವು ಸಹಿ ಹಾಕಿದವುಗಳಲ್ಲಿ ಒಂದು. ಇವತ್ತು ಅಧ್ಯಕ್ಷರಿಗೆ ಫೋನ್ ಮಾಡಿ ಹಟ ಹಿಡಿದು, ಇದರ ವಿಚಾರಣೆಗೆಂದೇ ಒಂದು ಉಪಸಮಿತಿ ಮಾಡಿಸಿ ನಾನೇ ಅದರ ಅಧ್ಯಕ್ಷೆಯಾದೆ. ಆ ಕಂಪೆನಿಯವರನ್ನೂ ಅಧಿಕಾರಿಗಳನ್ನೂ ಬೆಳ್ತಂಗಡಿಗೇ ಕರೆಸಿ ಜನರ ಎದುರು ಬೆವರಿಳಿಸದಿದ್ದರೆ ನನ್ನ ಹೆಸರು ಪ್ರೇಮಾವತಿಯಲ್ಲ.

ಇನ್ನೊಂದು ಮಾತು ಬರೆದಿಡುತ್ತೇನೆ. ಇನ್ನೊಬ್ಬರ ಮೇಲೆ ಕೈ ಎತ್ತಿದವರು ಯಾರೇ ಆಗಲಿ, ನಮ್ಮವರೇ ಆಗಲಿ, ನಮ್ಮ ಹೋಟೆಲಿನ ಮೆಟ್ಟಿಲು ಹತ್ತಬಾರದು.

ಅಕ್ಟೋಬರ್ ೧೫, ಬುಧವಾರ. ಮೂಡುಬಿದಿರೆ

ಬೆಳಗ್ಗೆ ಹೋಟೆಲಿನಲ್ಲಿ ಸುರಕ್ಷಾಳನ್ನು ಕೂರಿಸಿಕೊಂಡು ಕೇಳಿದೆ. ಬೆಳ್ತಂಗಡಿಯ ಭೂಬಂಧ ಸೇವಾ ಕೇಂದ್ರದಲ್ಲಿ ಕಂಪ್ಯೂಟರ್ ಮೇಲೆ ಕೂರುವ ಹುಡುಗಿ, ಮನೆ ಇಲ್ಲೇ ಮೂಡುಬಿದಿರೆಯಲ್ಲಿ. ಬಸ್ಸು ಹಿಡಿಯುವ ಮುಂಚೆ ನಮ್ಮಲ್ಲಿ ಬನ್ಸ್ ತಿಂದೇ ಹೋಗುವುದು. ನನ್ನ ಗಂಡ ಭೋಜರಿಗೆ ಅವಳೆಂದರೆ ಪ್ರಾಣ, ನಮಗೆ ಮಕ್ಕಳಿಲ್ಲವಲ್ಲ. ಗಲ್ಲಾದಲ್ಲಿ ಕೂತಲ್ಲಿಂದಲೇ "ಅವಳಿಗೆ ಇನ್ನೊಂದು ಬಿಸಿ ಕೊಡಿ ಮಾರಾಯ್ರೆ" ಎಂದು ಕೂಗುತ್ತಾರೆ.

ಇವತ್ತು ಅವಳು ತಿನ್ನಲಿಲ್ಲ. ತುಕ್ರಪ್ಪನ ಹೆಸರು ಕಂಪ್ಯೂಟರಿಗೆ ಹಾಕಿದವಳು ಅವಳೇ.

"ಮೇಡಂ, ಜಾಗದ ಯಜಮಾನ ಸತ್ತಿದ್ರೆ ಈಗ ಯಾರ ಕೈಯಲ್ಲಿ ಜಾಗ ಉಂಟೋ ಅವರ ಸಂಬಂಧ ಹಾಕ್ಬೇಕು. ಪರದೆಯಲ್ಲಿ ಮೂರೇ ಉಂಟು. ಹೆಂಡತಿ, ಮಗ, ಮಗಳು. ಸೋದರಮಾವನಿಂದ ಬಂದದ್ದಕ್ಕೆ ಜಾಗವೇ ಇಲ್ಲ. ನಾವು ಬೆಂಗಳೂರಿಗೆ ಫೋನ್ ಮಾಡಿ ಕೇಳಿದ್ದೇವೆ. ಹತ್ತಿರದ ಸಂಬಂಧವನ್ನು ಒತ್ತಿ ಅಂದ್ರು. ಮತ್ತೆಂತ ಮಾಡುದು, ಮಗ ಅಂತ ಒತ್ತಿದೆವು. ಮೂರು ತಾಲೂಕಲ್ಲೂ ಹಾಗೆಯೇ."

ನಮ್ಮ ಕಡೆಯ ಅಳಿಯಕಟ್ಟು ಬೆಂಗಳೂರಿನವರಿಗೆ ಎಲ್ಲಿ ಗೊತ್ತು? ತಲೆತಲಾಂತರದಿಂದ ಜಾಗ ಇಳಿದದ್ದು ತಾಯಿಯ ಕವಲಿನಲ್ಲಿ, ಮಾವನಿಂದ ಅವನ ಅಕ್ಕತಂಗಿಯರ ಮಕ್ಕಳಿಗೆ. ಮಾವನ ಸ್ವಂತ ಮಕ್ಕಳಿಗೆ ಅವರ ತಾಯಿಯ ಕಡೆಯದ್ದು. ಕಾನೂನು ಬದಲಾದ ಮೇಲೂ ಹಳೆಯ ಜಾಗಗಳು ಹಾಗೆಯೇ ನಡೆದು ಬಂದಿವೆ, ಯಾರೂ ಯಾರದ್ದನ್ನೂ ಕೇಳಿದ್ದಿಲ್ಲ. ಆದರೆ ತುಕ್ರಪ್ಪ ‘ಮಗ’ ಆದ ಕೂಡಲೇ ಕಂಪ್ಯೂಟರ್ ಬೇರೆ ಕಡೆಯ ಮಾಹಿತಿ ಜೋಡಿಸಿ, ಮಾವನಿಗೆ ಇನ್ನೊಬ್ಬ ಮಗ ಇದ್ದಾನೆಂದು ಕಂಡುಹಿಡಿಯಿತು. ತಾನೇ ಸಮಪಾಲು ಮಾಡಿ ದೂಮಣ್ಣನ ಫೋನಿಗೆ ಮೆಸೇಜ್ ಕಳಿಸಿತು. ಇಂಥ ಮೆಸೇಜ್ ಹೋಗುವುದು ಮೊದಲು ಬೆಳ್ತಂಗಡಿ ತಾಲೂಕಿಗೆ, ಡಿಸೆಂಬರ್ ಶುರುವಿಗೆ ಬಂಟ್ವಾಳಕ್ಕೆ, ಆಮೇಲೆ ಮೂಡುಬಿದಿರೆಗೆ. ಅಷ್ಟರೊಳಗೆ ಇದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಇಂಥ ಕತ್ತಿಗಳು ಇನ್ನೆಷ್ಟು ಮನೆಯ ಗೋಡೆಯಿಂದ ಇಳಿಯುತ್ತವೋ.

ಹುಡುಗಿ ಪಾಪ, ಉಪಕಾರಿ. ಎಪ್ರಿಲ್‌ನಲ್ಲಿ ಅವಳು ಬಂಟ್ವಾಳದ ಕೇಂದ್ರದಲ್ಲಿದ್ದಾಗ ನನ್ನ ತಮ್ಮ ಶೋಧನ್ ಹದಿನೈದು ದಿನ ಅಲೆದಿದ್ದ. ನಾನೊಂದು ಫೋನ್ ಮಾಡಿ "ಹೇಗಾದರೂ ಮಾಡಿ ಕೊಡು" ಎಂದದ್ದಕ್ಕೆ ಅದೇ ಸಂಜೆ ನಮ್ಮ ತವರಿನ ಜಾಗವನ್ನು ಅವನ ಹೆಸರಿಗೆ ಮಾಡಿಕೊಟ್ಟಿದ್ದಳು. ಅದೂ ತೀರಿಕೊಂಡ ನಮ್ಮ ಸೋದರಮಾವ ಸಂಕಪ್ಪನ ಹೆಸರಿನದ್ದೇ. ಇವಳಿಗೆ ತೊಂದರೆಯಾಗಲು ಬಿಡುವುದಿಲ್ಲ ಎಂದು ಭೋಜರಿಗೆ ಮಾತು ಕೊಟ್ಟಿದ್ದೇನೆ.

ಅಕ್ಟೋಬರ್ ೨೫, ಶನಿವಾರ. ಪಾಣೆಮಂಗಳೂರು

ಜುವೈರಿಯಾಳ ಆಫೀಸಿನಲ್ಲಿ ಇಡೀ ದಿನ. ವಕೀಲೆ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಸದನದಲ್ಲಿ ನಾನು ಕೇಳುವ ಪ್ರಶ್ನೆಗಳೆಲ್ಲ ಇವಳು ಬರೆದುಕೊಟ್ಟವು. ಹೊಗಳಿಕೆ ಮಾತ್ರ ನನಗೆ.

ನಾವು ಪ್ರಶ್ನೆ ತಯಾರಿಸುತ್ತಿದ್ದಾಗಲೇ ಕೆಳಗೆ ಪೇಟೆಯಲ್ಲಿ ಗಲಾಟೆ. ಅಲ್ಲಿನ ಸೇವಾ ಕೇಂದ್ರಕ್ಕೆ ಹತ್ತಿಪ್ಪತ್ತು ಜನ ನುಗ್ಗಿ ಕಂಪ್ಯೂಟರುಗಳನ್ನು ರಸ್ತೆಗೆ ಎಸೆದರು. ನಾನು ಓಡಿ ಹೋಗಿ ನಡುವೆ ನಿಂತೆ. ಒಬ್ಬ ನನ್ನ ಮೇಲೂ ಕಲ್ಲೆತ್ತಿದ್ದ, ಗುರುತು ಹಿಡಿದು ಕೆಳಗೆ ಹಾಕಿದ. "ಕೈ ಕೆಳಗೆ! ಎಲ್ಲರೂ ಕೈ ಕೆಳಗೆ!" ಎಂದು ಕೂಗಿದ್ದಕ್ಕೆ ಗಂಟಲು ಕಟ್ಟಿದೆ. ಒಳಗೆ ಮೇಜಿನ ಕೆಳಗೆ ಅಡಗಿದ್ದ ಹುಡುಗ ನನ್ನ ಸೆರಗು ಹಿಡಿದು ಹೊರಗೆ ಬಂದ.

ಜುವೈರಿಯಾ ಹೇಳಿದಳು: "ಅಕ್ಕ, ಒಂದು ಮಾತು ಮರೆಯಬಾರದು. ನಾವು ಕೇಳಬೇಕಾದದ್ದು ಒತ್ತಿದವರನ್ನಲ್ಲ. ಆ ಮೂರೇ ಸಂಬಂಧ ಸಾಕು ಅಂತ ಒಪ್ಪಿಗೆ ಕೊಟ್ಟವರನ್ನು. ಅದರಲ್ಲಿ ನಿಮ್ಮ ಸಮಿತಿಯೂ ಉಂಟು."

"ಉಂಟು ಮಾರಾಯ್ತಿ, ನಾನೇ ಹೇಳ್ತೇನೆ ಅದನ್ನು" ಎಂದೆ. ಹೇಳುತ್ತೇನೆ ಕೂಡ.

ನವೆಂಬರ್ ೪, ಮಂಗಳವಾರ. ಬೆಳ್ತಂಗಡಿ

ವಿಚಾರಣೆ ಮುಗಿಯಿತು. ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೇಸಮ್ಮ ಮೊದಲ ಸಾಲಿನಲ್ಲಿ, ಎರಡೂ ಕೈಗೆ ಬಿಳಿ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಇಬ್ಬರು ಸದಸ್ಯರು ನನ್ನ ಆಚೀಚೆ. ಎದುರಿಗೆ ಇಲಾಖೆಯ ಯೋಜನಾ ನಿರ್ದೇಶಕರು, ಅವರ ಪಕ್ಕ ಕಂಪೆನಿಯ ನೀಲಿ ಕೋಟಿನವನು.

ಮೊದಲ ಒಂದು ಗಂಟೆ ಹಬ್ಬ. "ಈ ತಂತ್ರಾಂಶವನ್ನು ಎಲ್ಲಿ ಪರೀಕ್ಷೆ ಮಾಡಿದಿರಿ?" "ಬೇರೆ ಜಿಲ್ಲೆಗಳಲ್ಲಿ, ಮೇಡಂ." "ಈ ಜಿಲ್ಲೆಯಲ್ಲಿ?" "ಎಲ್ಲ ಕಡೆ ಕುಟುಂಬ ಒಂದೇ ಥರ ಇರುತ್ತೆ ಅಂದುಕೊಂಡ್ವಿ." ಜನ ಹೋ ಎಂದು ನಕ್ಕರು. ನೀಲಿ ಕೋಟಿನವನ ಕುತ್ತಿಗೆಯಲ್ಲಿ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು, ಸುಳ್ಳು ಯಾಕೆ, ಖುಷಿಯಾಯಿತು. ಅವನು ತನ್ನ ಭದ್ರತೆಯ ಬಗ್ಗೆ ಕೊಚ್ಚಿಕೊಂಡ. ಯಾರು ನಮೂದು ಮಾಡಿದ್ದಾರೋ ಅವರದೇ ಬಲಗೈ ಹೆಬ್ಬೆರಳು ಒತ್ತದೆ ಅದನ್ನು ಹಿಂದೆ ತೆಗೆಯಲು ಯಾರಿಗೂ ಆಗದಂತೆ, ಮಂತ್ರಿಗಳಿಗೂ ಆಗದಂತೆ. ಬರೀ ಬೈಯುತ್ತಾಳೆ ಎನ್ನಿಸಬಾರದೆಂದು, "ಅದೊಂದು ನಿಯಮ ಚೆನ್ನಾಗಿದೆ" ಎಂದೆ.

ಆಮೇಲೆ ನಿರ್ದೇಶಕರು ಮೆತ್ತಗೆ ಹೇಳಿದರು, ಹತ್ತಿರದ ಸಂಬಂಧ ಒತ್ತಿ ಎಂದು ತಮ್ಮವರು ಯಾರಿಗೂ ಹೇಳಿಲ್ಲ, ಕೆಳಗಿನವರು ಸೋಮಾರಿತನದಿಂದ ಮಾಡಿಕೊಂಡದ್ದು ಎಂದು. ಸುರಕ್ಷಾಳನ್ನು ಕರೆಸಿದೆ. ಅವಳು ಸ್ಪಷ್ಟವಾಗಿ ಹೇಳಿದಳು: "ಫೋನಲ್ಲಿ ಹೇಳಿದ್ದಾರೆ ಮೇಡಂ. ಈಗಲೂ ಏನೂ ಹೋಗ್ಲಿಲ್ಲ. ನಾನು ಹೆಬ್ಬೆರಳು ಕೊಡ್ತೇನೆ, ಬಂಟ್ವಾಳದಲ್ಲಿ ನಾನು ಹಾಕಿದ್ದನ್ನೆಲ್ಲ ಮೆಸೇಜ್ ಹೋಗುವ ಮೊದಲು ಹಿಂದೆ ತೆಗೆಯುವ. ಅಪ್ಪಣೆ ಕೊಟ್ರೆ ಒಂದು ವಾರ ಸಾಕು."

"ಫೋನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಯಾರು?" ಎಂದು ನಿರ್ದೇಶಕರು ಕೇಳಿದರು.

ಅವಳು ನನ್ನ ಕಡೆ ತಿರುಗಿದಳು. "ಮೇಡಮಿಗೇ ಗೊತ್ತುಂಟಲ್ಲ. ಎಪ್ರಿಲ್‌ನಲ್ಲಿ ನೀವೇ ಫೋನ್ ಮಾಡಿದ್ದಾಗ ನಾನು ಹೇಳಿದ್ದೆ, ಬೆಂಗಳೂರಿನವರು ಹೇಳಿದ ಹಾಗೆ ಮಗ ಅಂತಲೇ ಹಾಕ್ಬೇಕಾಗ್ತದೆ ಅಂತ. ಶೋಧನಣ್ಣನ ಜಾಗಕ್ಕೂ ಹಾಗೆಯೇ..."

ನಾನು ಎದ್ದು ಹೋಗಿ ಅವಳ ಕೆನ್ನೆಗೆ ಬಾರಿಸಿದೆ.

ವಿಷಯಕ್ಕೆ ಸಂಬಂಧವಿಲ್ಲದ್ದನ್ನು ಎಳೆದು ತರಬಾರದು, ಅದು ಸಭೆಯ ಶಿಸ್ತು. ಒಬ್ಬಳು ಕೂಲಿ ಹುಡುಗಿ ಸದನ ಸಮಿತಿಯ ಅಧ್ಯಕ್ಷೆಯನ್ನು ಸಾಕ್ಷಿ ಮಾಡುವುದೆಂದರೇನು? ಅವಳು ಮೈಕಿನ ಮೇಲೆ ಬಿದ್ದಳು, ತುಟಿ ಒಡೆಯಿತು, ರಕ್ತ ಮೈಕಿಗೂ ಆಯಿತು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಚಪ್ಪಾಳೆ ತಟ್ಟಿದ. ಆಮೇಲೆ ಇಡೀ ಸಭಾಭವನ. "ಒಂದು ಜೀವ ತೆಗೆದವಳು! ಇನ್ನೊಂದು ಕೊಡಿ ಅಕ್ಕ!"

ಸೇಸಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಪಾಪ, ಬೆರಳಿಲ್ಲವಲ್ಲ.

ನವೆಂಬರ್ ೫, ಬುಧವಾರ

ಅಂಗೈ ಊದಿದೆ. ಭೋಜರು ಅರಿಶಿನ ಹಚ್ಚಿಕೊಡಲಿಲ್ಲ, ನಾನೇ ಹಚ್ಚಿಕೊಂಡೆ. ಬೆಳಗ್ಗಿನಿಂದ ಒಂದು ಮಾತೂ ಇಲ್ಲ. ಸುರಕ್ಷಾ ಕೂರುತ್ತಿದ್ದ ಮೇಜಿನ ಮೇಲೆ ಒಂದು ತಟ್ಟೆ ಬನ್ಸ್ ಇಟ್ಟು, ತಣ್ಣಗಾದ ಮೇಲೆ ತೆಗೆದರು. ನಾಟಕ.

ಅವಳಿಗೆ ಹೊಡೆದದ್ದಕ್ಕೆ ಬೇಸರವಾಗಿದೆ. ಆಗಿಲ್ಲವೆಂದಲ್ಲ. ಒಂದು ದಿನ ಕರೆದು ಮಾತಾಡಬೇಕು.

ವಿಡಿಯೊ ಎಲ್ಲ ಕಡೆ ಓಡಾಡುತ್ತಿದೆ. ಅವಳು ಶೋಧನನ ಹೆಸರು ಹೇಳಿದ್ದು ಅದರಲ್ಲಿ ಕೇಳುವುದಿಲ್ಲ, ಹೊಡೆದ ಸದ್ದು ಮಾತ್ರ ಕೇಳುತ್ತದೆ. ಮೂರು ಸಲ ನೋಡಿ ಖಾತ್ರಿ ಮಾಡಿಕೊಂಡೆ.

ನವೆಂಬರ್ ೯, ಭಾನುವಾರ. ಬೆಳ್ತಂಗಡಿ

ಸನ್ಮಾನ. ಮೂವತ್ತು ವರ್ಷ ರಸ್ತೆ, ಶಾಲೆ, ನೀರು ಎಂದು ಓಡಾಡಿದ್ದಕ್ಕೆ ಒಂದು ಶಾಲು ಸಿಕ್ಕಿರಲಿಲ್ಲ. ಒಂದು ಏಟಿಗೆ ಆಳೆತ್ತರದ ಹಾರ ಬಂತು. ಹಾರ ಹಾಕಿದ ಹುಡುಗರು ಬೈಕಿನಲ್ಲಿ ಮೆರವಣಿಗೆ ಮಾಡಿದರು. ಗಟ್ಟಿಮುಟ್ಟಾದ ಹುಡುಗರು, ಕೆಲಸವಿಲ್ಲ, ಆದರೆ ಹೃದಯ ಉಂಟು. "ಅಕ್ಕ, ಇನ್ನು ನಾವಿದ್ದೇವೆ" ಎಂದರು.

ಮೆಲ್ಕಾರಿನ ಕೇಂದ್ರದಲ್ಲಿ ಕೂರುವ ಉನೈಸ್ ಎಂಬವನನ್ನು ನಿನ್ನೆ ಯಾರೋ ಹೊರಗೆಳೆದು ಕೈ ಮುರಿದಿದ್ದಾರಂತೆ. ಹೊಡೆಯುವಾಗ ನನ್ನ ಹೆಸರಿಗೆ ಜೈ ಅಂದರಂತೆ. ಜುವೈರಿಯಾ ಫೋನ್ ಮಾಡಿ, ಇದು ತಪ್ಪು ಎಂದು ಒಂದು ಹೇಳಿಕೆ ಕೊಡಿ ಎಂದಳು. ಜನರಿಗೂ ಸಿಟ್ಟು ಎಂಬುದು ಇರುತ್ತದೆ. ಮೊದಲು ಎಲ್ಲ ವಿವರ ಬರಲಿ ಎಂದೆ.

ಸುರಕ್ಷಾಳನ್ನು ಅಮಾನತು ಮಾಡಿ ಅವಳ ಲಾಗಿನ್ ಮುಚ್ಚಿದ್ದಾರೆ. ಆದರೂ ದಿನಾ ಕೇಂದ್ರಕ್ಕೆ ಹೋಗಿ ಹೊರಗೆ ಕೂರುತ್ತಾಳಂತೆ, ತೆರೆದುಕೊಡಿ, ಹಿಂದೆ ತೆಗೆಯುತ್ತೇನೆ ಎಂದು. ಹಟಮಾರಿ.

ನವೆಂಬರ್ ೧೮, ಮಂಗಳವಾರ. ಬೆಂಗಳೂರು

ಸಮಿತಿಯ ಸಭೆ. ಒಳಗೆ ಹೋಗುತ್ತಿದ್ದಂತೆ ಎಲ್ಲರೂ ಕೆನ್ನೆ ಮುಚ್ಚಿಕೊಂಡು ತಮಾಷೆ ಮಾಡಿದರು. ಮೊದಲೆಲ್ಲ ನನ್ನನ್ನು ‘ಹೋಟೆಲಿನಮ್ಮ’ ಎನ್ನುತ್ತಿದ್ದ ಗಂಡಸರು ಎದ್ದು ಕುರ್ಚಿ ಕೊಟ್ಟರು.

ಜುವೈರಿಯಾ ಬರೆದ ವರದಿಯ ಕರಡಿನಲ್ಲಿ ಮೂರು ಶಿಫಾರಸುಗಳಿದ್ದವು. ಮೆಸೇಜುಗಳನ್ನು ತಕ್ಷಣ ನಿಲ್ಲಿಸುವುದು, ಒಪ್ಪಿಗೆ ಕೊಟ್ಟ ಅಧಿಕಾರಿಗಳ ವಿಚಾರಣೆ, ಸರಿಯಾಗಿ ನೋಡದೆ ಸಹಿ ಹಾಕಿದ ನಮ್ಮ ಸಮಿತಿಯ ಲೋಪ. ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪ್ರೇಮಾವತಿಯವರೇ, ಹೋದ ವರ್ಷ ಇದಕ್ಕೆ ಭೇಷ್ ಅಂದಿದ್ದು ನಾವೇ. ಈಗ ತಂತ್ರಾಂಶ ಸರಿ ಇಲ್ಲ ಅಂದ್ರೆ ಸದನದಲ್ಲಿ ನಮ್ಮ ಮುಖಕ್ಕೇ ಬರುತ್ತೆ. ಅದೂ ಅಲ್ದೆ, ತಪ್ಪು ಯಾರದ್ದು ಅಂತ ನೀವೇ ಇಡೀ ರಾಜ್ಯಕ್ಕೆ ತೋರಿಸಿ ಆಗಿದೆಯಲ್ಲ. ಹೊಡೆದಿದ್ದು ಆ ಹುಡುಗೀನ. ಈಗ ತಪ್ಪು ಮೇಲಿನವರದ್ದು ಅಂದ್ರೆ, ಹಾಗಾದ್ರೆ ಅವಳಿಗೆ ಯಾಕೆ ಹೊಡೆದ್ರಿ ಅಂತ ಕೇಳ್ತಾರೆ. ಏನ್ ಹೇಳ್ತೀರಿ?"

ನಾನು ಯೋಚಿಸಿದೆ. ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು. ಮೂರೂ ಶಿಫಾರಸು ತೆಗೆದು, ‘ಕೆಳಹಂತದ ಸಿಬ್ಬಂದಿಯ ನಿರ್ಲಕ್ಷ್ಯ, ಸುರಕ್ಷಾ ಎಂಬವಳ ಮೇಲೆ ಕ್ರಿಮಿನಲ್ ಮೊಕದ್ದಮೆ’ ಎಂದು ಬರೆಸಿದೆವು. ಯೋಜನೆ ಮುಂದುವರಿಯುತ್ತದೆ. ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ನಾನೇ ಮಂಡಿಸಬೇಕಂತೆ. ಗೋಡಂಬಿ ಚೆನ್ನಾಗಿತ್ತು.

ನವೆಂಬರ್ ೨೧, ಶುಕ್ರವಾರ

ಜುವೈರಿಯಾ ಹೋದಳು. ಕೂಗಾಡಲಿಲ್ಲ, ಹಾಗಾಗಿದ್ದರೆ ವಾಸಿಯಿತ್ತು. ನನ್ನ ಫೈಲುಗಳನ್ನೆಲ್ಲ ಕಟ್ಟಿ ಹೋಟೆಲಿಗೆ ತಂದಿಟ್ಟಳು. "ಬಂಟ್ವಾಳದ ಮೆಸೇಜ್ ನಿಲ್ಲಿಸಲು ನಿಮ್ಮ ಒಂದು ವಾಕ್ಯ ಸಾಕಿತ್ತು ಅಕ್ಕ. ನಿಮ್ಮ ತವರೂ ಬಂಟ್ವಾಳವೇ" ಎಂದಳು.

ಹೆದರಿಸುತ್ತಿದ್ದಾಳೆ. ನಮ್ಮ ಮನೆಯವರು ದೂಮಣ್ಣನಂಥವರಲ್ಲ. ಓದಿದವರು.

ನವೆಂಬರ್ ೨೬, ಬುಧವಾರ

ಹುಡುಗರು ವಿಡಿಯೊ ಕಳಿಸಿದ್ದಾರೆ.

ಸುರಕ್ಷಾ ಎಂದಿನಂತೆ ಬೆಳ್ತಂಗಡಿಯ ಕೇಂದ್ರದ ಹೊರಗೆ ಕೂತಿದ್ದಾಳೆ. ನಾಲ್ವರು ಅವಳನ್ನು ಎಳೆದು ಹೊಸ್ತಿಲಲ್ಲಿ ಮಂಡಿಯೂರಿಸಿ, ಬಲಗೈಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದಾರೆ. ಐದನೆಯವನು, ನನಗೆ ಹಾರ ಹಾಕಿದವನು, ಕಬ್ಬಿಣದ ಶಟರನ್ನು ಮೇಲಕ್ಕೆತ್ತಿ ಬಿಡುತ್ತಾನೆ. ಒಂದು ಸಲ ಅಲ್ಲ. "ತಪ್ಪು ಒತ್ತಿದ ಕೈ ಇದು!" ಎಂದು ಕೂಗುತ್ತಾನೆ. ಅವಳ ಕೂಗಿಗಿಂತ ಶಟರಿನ ಸದ್ದೇ ದೊಡ್ಡದು. ಮೂರನೆಯ ಸಲಕ್ಕೆ ಅವಳ ಕೂಗು ನಿಂತಿತು. ಕೆಳಗೆ ಬರೆದಿದ್ದಾರೆ: ‘ಅಕ್ಕ, ನೀವು ಶುರು ಮಾಡಿದ್ದನ್ನು ಮುಗಿಸಿದೆವು.’

ಅತಿಯಾಯಿತು. ಇಷ್ಟು ಬೇಕಿರಲಿಲ್ಲ. ಆದರೂ ಎರಡನೇ ಸಲ ನೋಡುವಾಗ ಮೊದಲಿನಷ್ಟು ಕಷ್ಟ ಆಗುವುದಿಲ್ಲ.

ಸ್ಟೇಷನ್ನಿನಿಂದ ಫೋನ್ ಬಂತು, ಏನು ಮಾಡುವುದು ಮೇಡಂ ಎಂದು. ಚಿಕ್ಕ ಹುಡುಗರು, ಭವಿಷ್ಯ ಹಾಳಾಗಬಾರದು, ಸಣ್ಣ ಕೇಸು ಹಾಕಿ ಬಿಡಿ ಎಂದೆ.

ಸಂಜೆ ಐವರೂ ಹೋಟೆಲಿಗೆ ಬಂದು ಕಾಲಿಗೆ ಬಿದ್ದರು. ಭೋಜರು ಒಲೆ ಆರಿಸಿ, ಮೇಲಂಗಿ ಹಾಕಿಕೊಂಡು ಹೊರಟುಹೋದರು. ಬಂದವರನ್ನು ಹಸಿದು ಕಳಿಸುವುದು ನಮ್ಮ ಮನೆಯ ಕ್ರಮವಲ್ಲ. ಒಲೆ ಹಚ್ಚಿ ನಾನೇ ನೀರುದೋಸೆ ಎರೆದು ಬಡಿಸಿದೆ.

ಡಿಸೆಂಬರ್ ೩, ಬುಧವಾರ

ಬಂಟ್ವಾಳಕ್ಕೆ ಮೆಸೇಜ್ ಬಂದಿದೆ.

ಮುಂಬೈಯಿಂದ ಜಯಕರ ಬಂದಿಳಿದಿದ್ದಾನೆ. ಸಂಕಪ್ಪ ಮಾವನ ಒಬ್ಬನೇ ಮಗ. ಪಾಣೆಮಂಗಳೂರಿನ ಲಾಡ್ಜಿನಲ್ಲಿ ಇದ್ದುಕೊಂಡು ಶೋಧನನಿಗೆ ಫೋನ್ ಮಾಡಿದನಂತೆ: "ಅರ್ಧ ನನ್ನದು ಅಂತ ಸರ್ಕಾರ ಹೇಳಿದೆ, ಅಳೆಸುವ." ಚಿಕ್ಕವನಿದ್ದಾಗ ನನ್ನ ಸೊಂಟದ ಮೇಲೆ ಕೂತು ಬೆಳೆದವನು ಅವನು. ಹೈವೇ ಪಕ್ಕದ ಜಾಗ ಎಂದ ಮೇಲೆ ಎಂಥವನಿಗೂ ಆಸೆ ಹುಟ್ಟುತ್ತದೆ.

ಶೋಧನ್ ಫೋನಿನಲ್ಲಿ ಕಿರುಚಿದ. "ನಿಲ್ಲಿಸ್ತೇನೆ ಅಂತ ಹೇಳಿದವಳು ನೀನೇ ಅಲ್ಲವಾ! ಈಗ ಅವ ಕಾಲಿಡ್ಲಿ ನೋಡುವ, ತುಂಡು ತುಂಡು ಮಾಡ್ತೇನೆ."

ನಿರ್ದೇಶಕರಿಗೆ ಫೋನ್ ಮಾಡಿದೆ. ಸುರಕ್ಷಾಳ ಲಾಗಿನ್ ಎರಡೇ ನಿಮಿಷದಲ್ಲಿ ತೆರೆದುಕೊಟ್ಟರು. ಅಷ್ಟು ಸುಲಭ! ನಮೂದು ಹಿಂದೆ ತೆಗೆದರೆ ಮೆಸೇಜ್ ರದ್ದಾಗುತ್ತದೆ. ಅವಳ ಹೆಬ್ಬೆರಳು ಒಂದು ಬೇಕು ಎಂದರು.

ಡಿಸೆಂಬರ್ ೬, ಶನಿವಾರ. ಮೂಡುಬಿದಿರೆ

ಬೆರಳೊತ್ತುವ ಯಂತ್ರವನ್ನು ಕೈಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಒಳಗೆ ಭೋಜರಿದ್ದರು, ಚಮಚದಲ್ಲಿ ಅವಳಿಗೆ ಗಂಜಿ ಕುಡಿಸುತ್ತಿದ್ದರು. ಹತ್ತು ದಿನದಿಂದ ಮಧ್ಯಾಹ್ನ ಎಲ್ಲಿಗೆ ಹೋಗುತ್ತಾರೆಂದು ಈಗ ಗೊತ್ತಾಯಿತು. ನನ್ನನ್ನು ನೋಡಿ ಏಳಲೂ ಇಲ್ಲ.

ಯಂತ್ರ ನೋಡಿದ ಕೂಡಲೇ ಸುರಕ್ಷಾಳಿಗೆ ಅರ್ಥವಾಯಿತು. ಬುದ್ಧಿವಂತೆ.

"ಶೋಧನಣ್ಣನದ್ದಾ ಮೇಡಂ?"

"ಹೌದಮ್ಮ. ಒಂದು ಸಲ ಒತ್ತಿಬಿಡು. ನಿನ್ನ ಕೇಸು ನಾನು ನೋಡಿಕೊಳ್ತೇನೆ."

ಅವಳು ಹೊದಿಕೆಯ ಒಳಗಿಂದ ಬಲಗೈ ತೆಗೆದಳು. ಮಣಿಕಟ್ಟಿನಿಂದ ಮುಂದೆ ಬಿಳಿ ಮುದ್ದೆ. "ಹೆಬ್ಬೆರಳು ಡಾಕ್ಟ್ರು ತೆಗೆದಾಯ್ತು" ಎಂದಳು. "ಎಡಗೈ ನಡೆಯುದಿಲ್ಲ. ಬಲಗೈಯದ್ದೇ ಆಗ್ಬೇಕು. ಅದೊಂದು ನಿಯಮ ಚೆನ್ನಾಗಿದೆ ಅಂತ ಅವತ್ತು ನೀವೇ ಹೇಳಿದ್ರಲ್ಲ."

ವ್ಯಂಗ್ಯವೋ ಅಲ್ಲವೋ ತಿಳಿಯಲಿಲ್ಲ. ನನ್ನ ಕೈ ತಾನಾಗಿ ಮೇಲೆ ಹೋಯಿತು. ಅವಳು ಬೇಕೆಂದೇ, ನನ್ನ ಮನೆ ಹಾಳು ಮಾಡಲೆಂದೇ ಬೆರಳು ಕಳೆದುಕೊಂಡಿದ್ದಾಳೆ ಎನ್ನಿಸಿತು. ಭೋಜರು ಎದ್ದು ಗಂಜಿಯ ಬಟ್ಟಲು ಹಿಡಿದೇ ನಮ್ಮ ನಡುವೆ ನಿಂತರು.

"ಹೊಡಿ" ಎಂದರು. ಒಂದು ತಿಂಗಳ ನಂತರ ನನ್ನೊಡನೆ ಆಡಿದ ಮೊದಲ ಮಾತು ಅದು. "ನಂಗೆ ಹೊಡಿ ಪ್ರೇಮ. ಇನ್ನು ಉಳಿದದ್ದು ನಾನೊಬ್ಬ."

ಇಂಥವರ ಜೊತೆ ಮಾತಾಡಿ ಪ್ರಯೋಜನವಿಲ್ಲ. ಯಂತ್ರ ಎತ್ತಿಕೊಂಡು ಬಂದೆ.

ಡಿಸೆಂಬರ್ ೯, ಮಂಗಳವಾರ. ಬಂಟ್ವಾಳ, ತವರು

ಜಯಕರ ಇವತ್ತು ಬೆಳಗ್ಗೆ ಅಳೆಯುವವನನ್ನು ಕರೆದುಕೊಂಡು ಬಂದ. ನಾನು ಸಮಾಧಾನ ಹೇಳಲೆಂದೇ ಬಂದಿದ್ದೆ, ದೇವರಾಣೆ. ಅಂಗಳದಲ್ಲಿ ಕುರ್ಚಿ ಹಾಕಿಸಿ, ಚಹಾ ಕೊಡಿಸಿದೆ. ಅವನು ಚಹಾ ಮುಟ್ಟದೆ ಮೊಬೈಲ್ ಎತ್ತಿ ತೋರಿಸಿದ.

"ಇದೆಂತ ಪ್ರೇಮಕ್ಕ? ಶೋಧನ್ ನನ್ನ ಅಪ್ಪನ ಮಗ ಅಂತ ಉಂಟಲ್ಲ ಇದರಲ್ಲಿ. ಯಾರು ಬರೆಸಿದ್ದು? ನೀನು ಬರೆಸಿದ್ದಲ್ಲವಾ? ಅಪ್ಪನನ್ನು ತೆಕ್ಕೊಂಡ ಮೇಲೆ ಪಾಲೂ ಕೊಡ್ಬೇಕು. ಅಥವಾ ಸುಳ್ಳು ಬರೆಸಿದ್ದೇವೆ ಅಂತ ಹೇಳು, ನಾನು ಈಗಲೇ ಮುಂಬೈಗೆ ಹೋಗ್ತೇನೆ. ಅಳೆಯುವವ ಕೇಳ್ತಾ ಇದ್ದಾನೆ, ಅವನ ಎದುರು ಹೇಳು."

ಅಷ್ಟೇ ಕೇಳಿದ್ದು ಅವನು. ನಾಡಿದ್ದು ಸದನದಲ್ಲಿ ನಿಲ್ಲಬೇಕಾದವಳು ಅದನ್ನು ಹೇಗೆ ಹೇಳಲಿ? ನಾನು ಕೆನ್ನೆಗೆ ಬಾರಿಸಿದೆ.

ಅವನು ನನ್ನ ಕೈ ಹಿಡಿದು ತಿರುಚಿದ. ಶೋಧನ್ ಒಳಗೆ ಹೋದದ್ದು ಕಂಡಿತು, ಗೋಡೆಯಿಂದ ಕತ್ತಿ ಎಳೆದ ಸದ್ದೂ ಕೇಳಿತು. ಬೇಡ ಎನ್ನಲು ಸಮಯವಿತ್ತು. ಮೊದಲ ಏಟು ಹೆಗಲಿಗೆ. ಜಯಕರ ನನ್ನನ್ನು ಬಿಟ್ಟು ಬಾವಿಯ ಕಡೆ ಓಡಿದ, ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದ. ಅಲ್ಲಿ ಇನ್ನೂ ನಾಲ್ಕೈದು. "ಅಕ್ಕ, ಹೇಳು ಅವನಿಗೆ" ಎಂದು ಅವನು ಎರಡು ಸಲ ಕೂಗಿದ. ಅಳೆಯುವವನೂ ರಿಕ್ಷಾದವನೂ ಸೇರಿ ಅವನನ್ನು ಎತ್ತಿಕೊಂಡು ಹೋದರು. ಪಾಣೆಮಂಗಳೂರಿನ ಸೇತುವೆಯ ಮೇಲೆ ಜೀವ ಹೋಯಿತಂತೆ.

ಶೋಧನ್ ಜಗಲಿಯಲ್ಲಿ ಕೂತು ಮಗುವಿನ ಹಾಗೆ ಅಳುತ್ತಿದ್ದಾನೆ. ವಿಷಯ ತಿಳಿದು ಸೇಸಮ್ಮ ಬೆಳ್ತಂಗಡಿಯಿಂದ ಬಂದಿದ್ದಳು. ಗೇಟಿನ ಹೊರಗೆ ಬೆರಳಿಲ್ಲದ ಕೈಗಳನ್ನು ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತಳು. ಒಳಗೆ ಬಾ ಎಂದೆ. ಬರಲಿಲ್ಲ.

ಪೊಲೀಸ್ ಜೀಪು ಬಿ.ಸಿ. ರೋಡು ದಾಟಿದೆ ಎಂದು ಫೋನ್ ಬಂತು. ನಮ್ಮವರೇ, ಹೇಳಿದರೆ ಕೇಳುತ್ತಾರೆ. ಜಯಕರನೇ ಮೊದಲು ಹೆಂಗಸಿನ ಮೇಲೆ ಕೈ ಮಾಡಿದ ಎಂಬುದಕ್ಕೆ ನನ್ನ ಮಣಿಕಟ್ಟಿನಲ್ಲಿ ಗುರುತೂ ಉಂಟು. ನಾಳೆ ಬೆಳಗ್ಗೆ ಬೆಳಗಾವಿಗೆ ಹೊರಡುವುದು, ಗುರುವಾರ ವರದಿ ಮಂಡನೆ. ಆ ಹುಡುಗಿ ಮಾಡಿದ ನಮೂದಿನಿಂದ ಇನ್ನೊಂದು ಜೀವ ಹೋಯಿತೆಂದು ಜಯಕರನ ಹೆಸರನ್ನೂ ಸೇರಿಸಿ ಓದಬೇಕು.

ಕತ್ತಿ ಅಂಗಳದಲ್ಲೇ ಬಿದ್ದಿತ್ತು. ಬಾವಿಯಿಂದ ಎರಡು ಕೊಡ ನೀರು ಸೇದಿ ತೊಳೆದೆ. ಅಲಗಿನಲ್ಲಿ ಅಂಟಿದ್ದ ಕೂದಲನ್ನು ಉಗುರಿನಲ್ಲಿ ಬಿಡಿಸಿದೆ, ಒಣ ಬಟ್ಟೆಯಲ್ಲಿ ಒರೆಸಿ ಗೋಡೆಯಲ್ಲಿ ಅದರ ಜಾಗಕ್ಕೆ ಸಿಕ್ಕಿಸಿದೆ. ಆಮೇಲೆ ಕೈ ತೊಳೆದು, ಬೆಳಗ್ಗಿನಿಂದ ಹಸಿದಿದ್ದೆನಲ್ಲ, ಊಟಕ್ಕೆ ಕೂತೆ. ಮೀನಿನ ಸಾರು ಚೆನ್ನಾಗಿತ್ತು, ಎರಡನೇ ಸಲ ಅನ್ನ ಹಾಕಿಸಿಕೊಂಡೆ.